ನಿಂತ ಹೊಳೆಯ ಹತ್ತನೆಯವನು

ನಮ್ಮೂರ ಹೊಳೆ ಶುಕ್ರವಾರ ಸಂಜೆ ನಿಲ್ಲುತ್ತದೆ. ನಿಲ್ಲುವುದೆಂದರೆ ಬತ್ತುವುದಲ್ಲ, ಇದ್ದಲ್ಲೇ ನಿಲ್ಲುವುದು. ನಮ್ಮ ಮನೆಗಳಲ್ಲಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪ ಹಚ್ಚುವ ಹೊತ್ತಿಗೆ ಅಲೆಗಳು ಇದ್ದ ಹಾಗೆಯೇ ಗಟ್ಟಿಯಾಗಿ, ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಹಾಗೆಯೇ ಇರುತ್ತವೆ. ಗಾಳಿಯಿಲ್ಲದ ಶುಕ್ರವಾರವಾದರೆ ಮರುದಿನದ ಹೊಳೆ ಸಾರಿಸಿದ ನೆಲದಂತೆ ನುಣುಪು. ಗಾಳಿ ಬೀಸಿದ್ದರೆ ಉತ್ತ ಹೊಲದಂತೆ ಏರುತಗ್ಗು. ಅವತ್ತು ಅದರ ಮೇಲೆ ನಡೆದು ಸಂತೆಗೆ ಹೋಗುವವರು ಗಾಳಿಯನ್ನು ಬೈದುಕೊಂಡೇ ಹೋಗುತ್ತಾರೆ. ಗುರುವಾರ ಬಟ್ಟೆ ಒಗೆದು ಶುಕ್ರವಾರ ಮಧ್ಯಾಹ್ನದೊಳಗೆ ನೀರು ತುಂಬಿಟ್ಟುಕೊಳ್ಳುವುದು ಊರಿನ ಎಲ್ಲರಿಗೂ ರೂಢಿ. ಯಾರಾದರೂ ಮರೆತರೆ ಅವರ ಹೊಸಿಲ ಹೊರಗೆ ಅರ್ಧ ಕೊಡ ನೀರು ತಾನಾಗಿ ಬಂದು ಕೂತಿರುತ್ತದೆ. ಯಾರು ಇಟ್ಟರೆಂದು ಕೇಳುವ ಪದ್ಧತಿ ಇಲ್ಲ. ಖಾಲಿ ಕೊಡವನ್ನು ಭಾನುವಾರ ಅಲ್ಲಿಯೇ ಇಟ್ಟರೆ ಅದು ತಾನಾಗಿ ಹೋಗುತ್ತದೆ.

ಹೊಳೆಯ ಮೇಲೆ ನಡೆಯುವವರು ಎಂದೆನಲ್ಲ, ಅವರು ಊರಿನ ಉಳಿದವರು. ನಾವು ಯೆಹೂದ್ಯರು ಸಬ್ಬತ್ ದಿನ ಹೊಳೆಗೆ ಕಾಲಿಡುವುದಿಲ್ಲ. ಹಿಂದೆ ಇಡುತ್ತಿದ್ದೆವಂತೆ. ನನ್ನ ಅಜ್ಜಿಯ ಅಜ್ಜಿಯ ಕಾಲದಲ್ಲಿ ಒಬ್ಬಾತ ಆಚೆ ದಡದ ಬೀಗರ ಮನೆಯಲ್ಲಿ ಗಡದ್ದಾಗಿ ಉಂಡು ಮೆಲ್ಲಗೆ ನಡೆದು ಬರುತ್ತಿದ್ದನಂತೆ. ನಡುಹೊಳೆಯಲ್ಲಿರುವಾಗ ಮೋಡದ ಮರೆಯಲ್ಲಿ ಮೂರನೆಯ ನಕ್ಷತ್ರ ಹುಟ್ಟಿ ಹೊಳೆ ಎಚ್ಚೆತ್ತುಬಿಟ್ಟಿತು. ಅವನು ಕೆಳಗಿನ ಊರಿನಲ್ಲಿ ದಡ ಸೇರಿದ, ಪಂಚೆಯಿಲ್ಲದೆ. ಮರುವರ್ಷ ಹಾಗೆಯೇ ಸಿಕ್ಕಿಕೊಂಡ ಇನ್ನೊಬ್ಬ ದಡ ಸೇರಲೇ ಇಲ್ಲ. ಆಗಿನ ಧರ್ಮಗುರು, ಅಂದರೆ ರಬ್ಬಿ, ಮತ್ತಿಬ್ಬರು ಪಂಡಿತರನ್ನು ಕೂಡಿಸಿಕೊಂಡು, ಸಬ್ಬತ್ ದಿನ ನಮ್ಮವರು ಯಾರೂ ಹೊಳೆಗೆ ಇಳಿಯಕೂಡದು ಎಂದು ಕಟ್ಟು ಮಾಡಿದರು. ಆ ಕಟ್ಟು ಇವತ್ತಿಗೂ ಇದೆ.

ನಾನು ಸಿಪೋರಾ. ಪಟ್ಟಣದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ, ಅಲ್ಲಿಯೇ ಅದನ್ನು ಕಲಿಸಿ, ವಯಸ್ಸಾದ ಮೇಲೆ ಊರಿಗೆ ಮರಳಿದವಳು. ಈಚೆ ದಡದಲ್ಲಿ, ಒಗೆಯುವ ಮೆಟ್ಟಿಲುಗಳ ಪಕ್ಕದಲ್ಲಿ ನನ್ನ ಮನೆ. ಊರಿನ ಹುಡುಗಿಯರು ಹಿಂದಿನಿಂದ ನನ್ನನ್ನು ಕಾಲೇಜಮ್ಮ ಎನ್ನುತ್ತಾರೆ. ಎದುರಿಗೂ ಹಾಗೆಯೇ ಕರೆಯಬಹುದು ಎಂದು ಹೇಳಿದ್ದೇನೆ, ಅವರಿಗೆ ಅದರಲ್ಲಿ ರುಚಿಯಿಲ್ಲ.

ಹೊಳೆಯ ಎರಡು ದಡಗಳಲ್ಲೂ ನಮ್ಮ ಒಂದೊಂದು ಪ್ರಾರ್ಥನಾಮಂದಿರ ಇದೆ. ಸಭೆ ಸೇರಿ ಪ್ರಾರ್ಥಿಸಲು, ಗ್ರಂಥದ ಸುರುಳಿ ಬಿಚ್ಚಿ ಓದಲು, ತೀರಿಹೋದವರಿಗಾಗಿ ಕದ್ದೀಶ್ ಹೇಳಲು ಹತ್ತು ಗಂಡಸರು ಬೇಕು. ನಮ್ಮ ಕಡೆ ಸರಿಯಾಗಿ ಹತ್ತು ಜನ. ಎಣ್ಣೆ ಗಾಣದವರು ಇರುವ ಆಚೆ ಕಡೆಯಲ್ಲೂ ಹತ್ತು ಇದ್ದರು. ಬಾಚಣಿಗೆ ಮಾಡುತ್ತಿದ್ದ ಮುದುಕ ಗೇರ್ಷೋಮ ಹೋದ ಮೇಲೆ ಒಂಬತ್ತಾಯಿತು. ನಾನು ಹತ್ತರ ಎಣಿಕೆಯಲ್ಲಿ ಇಲ್ಲ. ಎಣಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ಗೇರ್ಷೋಮ ಹೋದ ಮರುತಿಂಗಳೇ ಮಝಾಲ್ ತೀರಿಕೊಂಡಳು. ಗಾಣದ ಹಿಲ್ಲೇಲನ ತಾಯಿ ಅವಳು. ಆಚೆ ಮಂದಿರದ ದೀಪಕ್ಕೆ ಜೀವಮಾನವಿಡೀ ಎಣ್ಣೆ ಹಾಕಿದವಳು. ಸತ್ತದ್ದು ಒಂದು ಸಬ್ಬತ್ ದಿನ, ಮಧ್ಯಾಹ್ನದ ನಿದ್ದೆಯಲ್ಲಿ. ಅವಳ ಗಂಡ ಅಬ್ರಾಮನಿಗೆ ಆಮೇಲೆ ನೆನಪು ಸಡಿಲವಾಯಿತು. ವಾರದ ಉಳಿದ ದಿನಗಳಲ್ಲಿ ಹೆಂಡತಿ ಗಾಣದ ಹತ್ತಿರ ಇದ್ದಾಳೆಂದು ತಿಳಿದು ಸುಮ್ಮನಿರುತ್ತಿದ್ದ. ಸಬ್ಬತ್ ಬೆಳಿಗ್ಗೆ ಮಾತ್ರ ಎಲ್ಲ ನೆನಪಾಗಿ ಬಿಡುತ್ತಿತ್ತು. ಮಂದಿರದಲ್ಲಿ ದೀಪದ ಕೆಳಗೆ ಕೂತು, ‘ಹಿಲ್ಲೇಲ ಅವಳಿಗೆ ಹೇಳಿದ್ನಾ?’ ಎಂದು ಕೇಳುತ್ತಿದ್ದ. ಮಗ ತಾಯಿಗೆ ಹೇಳಬೇಕಾದ ಕದ್ದೀಶಿನ ಮಾತು ಅದು. ಸಬ್ಬತ್ತಿನಂದು ಆಚೆ ಹತ್ತು ಜನ ಇರದ ಕಾರಣ, ಇಲ್ಲ ಎನ್ನಬೇಕಾಗುತ್ತಿತ್ತು. ತುಸು ಹೊತ್ತು ಬಿಟ್ಟು ಮತ್ತೆ ಕೇಳುತ್ತಿದ್ದ, ಮತ್ತೆ ಇಲ್ಲ ಎನ್ನಬೇಕಾಗುತ್ತಿತ್ತು.

ವಾರದ ದಿನಗಳಲ್ಲಿ ತೊಂದರೆಯಿರಲಿಲ್ಲ. ನಮ್ಮ ಕಡೆಯ ಪ್ರಾರ್ಥನೆ ಮುಗಿದ ಕೂಡಲೇ ದೋಣಿಯ ಒಬಾದ್ಯ ಇಬ್ಬರನ್ನು ಕೂರಿಸಿಕೊಂಡು ಆಚೆಗೆ ಹೋಗುತ್ತಿದ್ದ. ಬಾಡಿಗೆ ಕೊಡಹೋದರೆ, ‘ನಾನು ಹೆಂಗೂ ಆ ಕಡೆ ಹೊರಟಿದ್ದೆ’ ಎನ್ನುತ್ತಿದ್ದ. ಅವನಿಗೆ ಆ ಕಡೆ ಏನೂ ಕೆಲಸವಿರಲಿಲ್ಲ. ಸಬ್ಬತ್ ದಿನ ಹೊಳೆ ನಿಂತರೆ ದೋಣಿಯೂ ನಿಲ್ಲುತ್ತಿತ್ತು. ಶುಕ್ರವಾರವೇ ಒಬ್ಬರು ಆಚೆ ಹೋಗಿ ಉಳಿದರೆ ನಮ್ಮ ಕಡೆ ಒಂಬತ್ತಾಗುತ್ತದೆ. ಒಮ್ಮೆ ಹಾಗೆ ಮಾಡಿ ನೋಡಿದೆವು. ಈಚೆಯ ಸುರುಳಿ ಕಪಾಟಿನಲ್ಲಿಯೇ ಉಳಿದು, ಹೊರಗೆ ಬಂದ ಎಲ್ಲರ ಮುಖವೂ ಹಸಿದು ಎದ್ದವರಂತಿತ್ತು. ಎಲ್ಲರೂ ಒಂದೇ ದಡದಲ್ಲಿ ಸೇರೋಣವೆಂದರೆ ಎರಡೂ ಕಡೆ ದೋಣಿ ಹತ್ತಲಾರದ ಮೊಣಕಾಲುಗಳಿದ್ದವು, ಅದರಲ್ಲಿ ಅಬ್ರಾಮನದು ಮೊದಲನೆಯದು.

ಒಂದು ಸಬ್ಬತ್ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅಲ್ಲಿ ಹೊಳೆ ಬಹಳ ಕಿರಿದು. ಆಚೆ ಮಂದಿರದ ಬಾಗಿಲು ನೇರ ಎದುರಿಗೇ. ನೀರಿನ ಸದ್ದಿಲ್ಲದ ಕಾರಣ ಆ ದಿನ ಆಚೆ ಕೆಮ್ಮಿದರೂ ಈಚೆ ಕೇಳುತ್ತದೆ. ಸೊಪ್ಪಿನ ಚೌಡವ್ವ ಬುಟ್ಟಿ ಹೊತ್ತು ಹೊಳೆಯ ಮೇಲೆ ನಡೆದು ಸಂತೆಗೆ ಹೋಗುತ್ತಿದ್ದಳು. ಅವಳ ಮುಂದೆ ಆಚೆ ದಡದಲ್ಲಿ ಹಿಲ್ಲೇಲ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ನಿಂತಿದ್ದ.

‘ಚಿಕ್ಕಮ್ಮಾ, ರಬ್ಬೀನ ಕರೀರಿ’ ಎಂದ. ‘ಹೇಳದೆ ಕೇಳದೆ ಮಾಡ್ದೆ ಅನ್ನೋ ಮಾತು ಬೇಡ.’

ಕರೆಯುವ ಅಗತ್ಯವಿರಲಿಲ್ಲ. ಮಝಾಲ್ ಸತ್ತಂದಿನಿಂದ ನಮ್ಮ ರಬ್ಬಿ ಯೋನಾ ಪ್ರತಿ ಸಬ್ಬತ್ ಪ್ರಾರ್ಥನೆ ಮುಗಿಸಿ ಮೆಟ್ಟಿಲಿಗೆ ಬಂದು, ಹಿಲ್ಲೇಲನ ಎದುರು ಈಚೆ ಕೂತು, ಹವೆಯ ಬಗ್ಗೆ ಎರಡು ಮಾತಾಡಿ ಹೋಗುತ್ತಿದ್ದ. ದಪ್ಪ ಕನ್ನಡಕದ ಮನುಷ್ಯ. ಅವನಿಗೆ ಆಚೆ ದಡ ಬರೀ ಹಸಿರು ಬಣ್ಣ. ಚಿಕ್ಕಂದಿನಲ್ಲಿ ಅವನಿಗೆ ಅಕ್ಷರ ತಿದ್ದಿಸಿದವಳು ನಾನು, ಈಗಲೂ ಮನಸ್ಸಿನಲ್ಲಿ ಏಕವಚನವೇ.

‘ಹಿಲ್ಲೇಲಾ, ಏನು ಮಾಡ್ತಿದೀಯಾ?’ ರಬ್ಬಿ ಕೇಳಿದ.

‘ಬರ್ತಿದೀನಿ. ನಿಮ್ಮೋರು ಯಾರೂ ಕಾಲಿಡೋದು ಬೇಡ. ನಾನೇ ಬಂದು ಒಬಾದ್ಯನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀನಿ. ಹೊತ್ತವನ ಕಾಲು ಹೊಳೆಗೆ ತಾಗುತ್ತೆ, ಹೊರಿಸ್ಕೊಂಡವನದು ತಾಗಲ್ಲ. ತಪ್ಪು ನಂದೊಬ್ಬಂದೇ.’

ಒಬಾದ್ಯ ನನ್ನ ಹಿಂದೆ ನಿಂತಿದ್ದ. ಅವನು ಅಗಲವಾದ ಮನುಷ್ಯ. ‘ಹೋದ ವರ್ಷ ಒಂದು ಎಣ್ಣೆ ಡಬ್ಬ ಎತ್ತಿ ಸೊಂಟ ಹಿಡ್ಕೊಂಡು ಮಲಗಿದ್ದೆಯಲ್ಲೋ’ ಎಂದ. ‘ನನ್ನ ಎತ್ತಿದ್ರೆ ನಿನಗೂ ಸೇರಿ ಕದ್ದೀಶ್ ಹೇಳ್ಬೇಕಾಗುತ್ತೆ.’

ಹಿಲ್ಲೇಲ ನಗಲಿಲ್ಲ. ‘ಅಪ್ಪ ಇವತ್ತು ಆಗಲೇ ನಾಲ್ಕು ಸಲ ಕೇಳ್ದ’ ಎಂದ. ‘ಚೌಡವ್ವ ವಾರ ವಾರ ನಡೀತಾಳೆ, ಮುಳುಗಲಿಲ್ಲ. ನಾನು ನಡೆದ್ರೆ ಮಾತ್ರ ಆಕಾಶ ಬೀಳುತ್ತಾ? ನನಗೂ ಬುದ್ಧಿ ಕೊಟ್ಟಿದಾನಲ್ಲ ದೇವರು, ಅದನ್ನ ಉಪ್ಪು ಹಾಕಿ ಇಡ್ಲಾ?’

ರಬ್ಬಿ ಮೆಟ್ಟಿಲಿಳಿದು ಕೊನೆಯದರ ಮೇಲೆ, ಹೊಳೆಗೆ ಒಂದು ಗೇಣು ದೂರದಲ್ಲಿ ಕೂತ. ‘ಉಪ್ಪು ಹಾಕಬೇಡ. ನನಗೆ ಸ್ವಲ್ಪ ದಿನ ಕೊಡು. ಮುಂದಿನ ಸಬ್ಬತ್ ತನಕ. ಆಗಲೂ ನನ್ನ ಹತ್ರ ಏನೂ ಇಲ್ಲ ಅಂದ್ರೆ ಮತ್ತೆ ಚಪ್ಪಲಿ ಬಿಡುವಂತೆ.’

‘ಮುಂದಿನ ಸಬ್ಬತ್ ಆದ್ಮೇಲೆ ನಾನು ಕೇಳಲ್ಲ ರಬ್ಬೀ. ನಡೆದು ಬರ್ತೀನಿ. ಆಮೇಲೆ ನನ್ನನ್ನ ನಿಮ್ಮೋರು ಅಂತ ಎಣಿಸ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು.’ ಅವನು ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಒಳಗೆ ಹೋದ.

ಅವನನ್ನು ಕಳೆದುಕೊಂಡರೆ ಆಚೆ ಎಂಟಾಗುತ್ತದೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನನಗೆ ಎಣಿಕೆಗಿಂತ ಅವನ ಕೈಯಲ್ಲಿದ್ದ ಆ ಒಂಟಿ ಚಪ್ಪಲಿ ಕಾಡಿತು.

ಭಾನುವಾರ ರಬ್ಬಿಯ ಮನೆಗೆ ಹೋದೆ. ಅವನು ಹುರಿಗಡಲೆ ತಿನ್ನುತ್ತ ದೊಡ್ಡ ಗ್ರಂಥವೊಂದರ ಮೇಲೆ ಬಾಗಿದ್ದ. ಅವನ ಹೆಂಡತಿ ಮಿಲ್ಕಾ ಪುಟಗಳ ನಡುವೆ ಬೀಳುವ ಕಡಲೆ ಸಿಪ್ಪೆಗಳನ್ನು ಊದಿ ತೆಗೆಯುತ್ತಿದ್ದಳು.

‘ಆ ಕಟ್ಟಿನ ಕಾರಣ ಏನು? ಹೊಳೆ ಎಚ್ಚೆತ್ತುಬಿಡುತ್ತೆ ಅನ್ನೋ ಭಯ’ ಎಂದೆ. ‘ಆಗ ಗಡಿಯಾರ ಇರಲಿಲ್ಲ. ಈಗ ಮನೆ ಮನೆಗೂ ಇದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬಂದ್ರೆ ಯಾರು ಮುಳುಗ್ತಾರೆ? ಕಾರಣ ಹೋದ ಮೇಲೆ ಕಟ್ಟು ಯಾಕೆ?’

‘ನೀವು ಹೇಳೋದು ಸರಿ ಸಿಪೋರಮ್ಮ.’

‘ಹಾಗಾದ್ರೆ ಬಿಚ್ಚು.’

‘ಸರಿ ಅನ್ನೋದು ಬೇರೆ, ಬಿಚ್ಚೋದು ಬೇರೆ. ಮೂವರು ಕೂತು ಕಟ್ಟಿದ ಗಂಟು ಅದು. ಅವರಿಗಿಂತ ಹೆಚ್ಚು ತಿಳಿದ ಮೂವರು ಕೂತೇ ಬಿಚ್ಚಬೇಕು. ನಾನು ಒಬ್ಬ, ಅವರಿಗಿಂತ ಕಮ್ಮಿ. ಇವತ್ತು ನನಗೆ ಸರಿ ಕಾಣ್ತು ಅಂತ ಇದನ್ನ ಬಿಚ್ಚಿದ್ರೆ, ನಾಳೆ ಇನ್ನೊಬ್ಬನಿಗೆ ಸರಿ ಕಾಣ್ತು ಅಂತ ಇನ್ನೊಂದು. ಆಮೇಲೆ ನಮ್ಮನ್ನ ಒಟ್ಟಿಗೆ ಹಿಡಿದಿರೋದು ಏನು?’

‘ಅಬ್ರಾಮ ಕೇಳ್ತಾನೆ’ ಎಂದಳು ಮಿಲ್ಕಾ, ಪುಟ ಊದುತ್ತ. ‘ಅವನಿಗೆ ಇದೆಲ್ಲ ಹೇಳಿ, ತಿಳ್ಕೋತಾನೆ.’

ರಬ್ಬಿ ಕನ್ನಡಕ ತೆಗೆದ. ಅವನ ಕಣ್ಣುಗಳ ಕೆಳಗೆ ಕಪ್ಪಾಗಿತ್ತು. ಆಗ ನನಗೆ ಗೊತ್ತಾಯಿತು, ರಾತ್ರಿಗಳಿಂದ ಅವನು ಹುಡುಕುತ್ತಿದ್ದದ್ದು ಹಿಲ್ಲೇಲನನ್ನು ತಡೆಯುವ ಮಾತನ್ನಲ್ಲ, ಬಿಡುವ ಮಾತನ್ನು. ಸಿಕ್ಕಿರಲಿಲ್ಲ, ಅಷ್ಟೆ. ನಾನು ಜಗಳವಾಡಲು ತಂದಿದ್ದ ಉಳಿದ ಮಾತುಗಳನ್ನು ಹಾಗೆಯೇ ವಾಪಸು ತೆಗೆದುಕೊಂಡು ಹೋದೆ.

ಮರುದಿನ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ನಮ್ಮಪ್ಪ ನೆನಪಾದ. ಮಳೆ ಬಂದಾಗ ಮಂದಿರದ ಹೊರಗಿನ ಜಗಲಿಯಲ್ಲಿ ನಿಂತು ಕಿಟಕಿಯಿಂದ ಒಳಗೆ ನೋಡುತ್ತ ಪ್ರಾರ್ಥಿಸುತ್ತಿದ್ದ. ‘ಒಳಗೆ ಬಾರದೆ ನೀನು ಹೇಗಪ್ಪ ಎಣಿಕೆಗೆ ಸೇರ್ತೀಯಾ?’ ಎಂದು ನಾನು ಕೇಳಿದ್ದೆ. ‘ಒಬ್ಬರ ಮುಖ ಒಬ್ಬರಿಗೆ ಕಂಡ್ರೆ ಒಂದೇ ಸಭೆ ಮಗಳೇ, ನಡುವೆ ಜನ ಓಡಾಡೋ ದಾರಿ ಇರಬಾರದು ಅಷ್ಟೆ’ ಎಂದಿದ್ದ. ಮೊರ ಕೆಳಗಿಟ್ಟೆ. ಮೆಟ್ಟಿಲಿನಿಂದ ಹಿಲ್ಲೇಲನ ಮುಖ ನನಗೆ ಎಷ್ಟು ಚೆನ್ನಾಗಿ ಕಂಡಿತ್ತು. ಅವನ ಗಡ್ಡಕ್ಕೆ ಅಂಟಿದ್ದ ಎಳ್ಳು ಕೂಡ ಕಂಡಿತ್ತು.

ಅಕ್ಕಿಯನ್ನು ಗುಬ್ಬಿಗಳಿಗೆ ಬಿಟ್ಟು ರಬ್ಬಿಯ ಮನೆಗೆ ಹೋದೆ. ‘ನಮ್ಮ ಕಡೆ ಪ್ರಾರ್ಥನೆ ಮುಗೀಲಿ. ಆಮೇಲೆ ಒಬ್ಬ ಮೆಟ್ಟಿಲಿಗೆ ಬರಲಿ. ಆಚೆ ಒಂಬತ್ತು, ಈಚೆ ಒಂದು. ಮುಖ ಕಾಣುತ್ತೆ. ಹತ್ತು ಆಯ್ತು, ಯಾರೂ ಹೊಳೆ ಮುಟ್ಟಲಿಲ್ಲ.’

‘ಅದನ್ನ ನಾನೂ ಯೋಚಿಸ್ದೆ’ ಎಂದ ರಬ್ಬಿ. ‘ನಡುವೆ ದಾರಿ ಇದೆಯಲ್ಲ. ಹೊಳೆ ದೋಣಿ ದಾರಿ.’

‘ಸಬ್ಬತ್ ದಿನ ದೋಣಿ ಹೋಗುತ್ತಾ?’

‘ಇಲ್ಲ. ಕಾಲು ಹೋಗುತ್ತೆ.’

‘ಯಾರ ಕಾಲು? ಒಬ್ಬರೂ ಇಡಕೂಡದು ಅಂತ ನಿಮ್ಮ ಕಟ್ಟೇ ಇದೆಯಲ್ಲ. ಯಾರೂ ಹೋಗಬಾರದು ಅಂದ ಮೇಲೆ ಅದು ದಾರಿ ಹೇಗಾಗುತ್ತೆ? ಹಿಲ್ಲೇಲನ್ನ ತಡೆದದ್ದು ಯಾವ ಕಟ್ಟೋ ಅದೇ ಅವನಿಗೆ ಹತ್ತನೆಯವನನ್ನ ಕೊಡ್ತಾ ಇದೆ.’

ರಬ್ಬಿ ನಗಲು ಶುರು ಮಾಡಿ, ಕನ್ನಡಕ ಒರೆಸಿ, ಮತ್ತೆ ನಕ್ಕ. ಮಿಲ್ಕಾ ಒಳಗಿನಿಂದ ಬಂದು ಅವನ ಬೆನ್ನು ತಟ್ಟಿದಳು. ಆದರೆ ನಗು ನಿಂತ ಮೇಲೆ ಅವನ ಮುಖ ಮೆಲ್ಲಗೆ ಇಳಿಯಿತು.

‘ಸಿಪೋರಮ್ಮ, ಚೌಡವ್ವ?’

ಯಾರೂ ನಡೆಯುವುದಿಲ್ಲ ಎಂದೆನಲ್ಲ, ಊರಿನ ಮುಕ್ಕಾಲು ಜನ ನಡೆಯುತ್ತಾರೆ. ಪ್ರತಿ ಶನಿವಾರ ನನ್ನ ಎದುರೇ ನಡೆದು, ‘ಏನವ್ವಾ, ಬಿಸಿಲಿಗೆ ಕೂತ್ರಾ’ ಎಂದು ಕೇಳಿ ಹೋಗುವವರನ್ನು ನನ್ನ ತರ್ಕ ಕಂಡೇ ಇರಲಿಲ್ಲ. ನಮ್ಮವರನ್ನು ಎಣಿಸಿ ಎಲ್ಲರನ್ನೂ ಎಣಿಸಿದೆ ಎಂದುಕೊಂಡಿದ್ದೆ.

‘ಅವರನ್ನ ಕೇಳೋಣ’ ಎಂದೆ, ಸಣ್ಣ ದನಿಯಲ್ಲಿ.

‘ಹೇಗೆ ಕೇಳಲಿ? ಕಟ್ಟು ನಮ್ಮದು. ನಮ್ಮ ಪ್ರಾರ್ಥನೆಗಾಗಿ ನಿಮ್ಮ ದಾರಿ ಬಿಡಿ ಅಂತ ಅವರಿಗೆ ಹೇಳೋ ಅಧಿಕಾರ ನನಗಿಲ್ಲ.’

‘ಯಾರ ದಾರಿ?’ ಎಂದಿತು ಬಾಗಿಲಲ್ಲಿ ಒಂದು ದನಿ. ಚೌಡವ್ವ ಬುಟ್ಟಿ ಇಳಿಸಿ ಮಿಲ್ಕಾಳಿಗೆ ಮೆಂತ್ಯ ಎಣಿಸುತ್ತಿದ್ದಳು. ಎಷ್ಟು ಹೊತ್ತಿನಿಂದ ಇದ್ದಳೋ. ಮಿಲ್ಕಾ ಅವಳಿಗೆ ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. ರಬ್ಬಿ ಬೇಡ ಎನ್ನುವಂತೆ ಕೈಯಾಡಿಸುತ್ತಲೇ ಇದ್ದ.

‘ಎಷ್ಟೊತ್ತು ಹಿಡೀತದೆ ನಿಮ್ಮ ಪೂಜೆ?’ ಚೌಡವ್ವ ಕೇಳಿದಳು.

‘ಪೂಜೆ ಅಲ್ಲ’ ಎಂದ ರಬ್ಬಿ.

‘ಏನೋ ಒಂದು. ಎಷ್ಟೊತ್ತು?’

‘ಒಂದು ಪಾತ್ರೆ ಅನ್ನ ಬೇಯೋಷ್ಟು’ ಎಂದಳು ಮಿಲ್ಕಾ.

‘ಅಷ್ಟೇನಾ. ನಾನು ಸಂತೆಗೆ ಬೇಗ ಹೋಗಿ ಯಾವ ರಾಜ್ಯ ಆಳಬೇಕು? ದಡದಾಗೆ ಕೂತ್ಕೋತೀವಿ. ಆ ಗಾಣದ ತಾಯಿ ನನ್ನ ಸೀಸೆಗೆ ಯಾವಾಗ್ಲೂ ಕುತ್ತಿಗೆ ಮಟ ಎಣ್ಣೆ ಹಾಕೋರು. ಬೇರೆ ಗಾಣದೋರು ಭುಜದ ಮಟ ಹಾಕಿ ಸಾಕು ಅಂತಾರೆ.’

‘ನಾನು ನಿಮ್ಮನ್ನ ಕೇಳಲಿಲ್ಲ ಚೌಡವ್ವ’ ಎಂದ ರಬ್ಬಿ, ಬಹಳ ಕಷ್ಟದಿಂದ. ‘ಅದು ನಿಮಗೆ ಗೊತ್ತಿರಲಿ. ನಿಮಗೆ ಇಷ್ಟ ಬಂದಾಗ ನಡೀಬಹುದು.’

‘ನೀವೆಲ್ಲಿ ಕೇಳಿದ್ರಿ ಸಾಮಿ, ನಾನಲ್ವಾ ಹೇಳ್ತಿರೋದು. ಉಳಿದೋರಿಗೂ ನಾನೇ ಹೇಳ್ತೀನಿ. ಮೆಂತ್ಯ ಇನ್ನೆರಡು ಕಟ್ಟು ಹಾಕ್ಲಾ ತಾಯಿ?’

ರಬ್ಬಿ ಆಗಲೂ ಹೂಂ ಎನ್ನಲಿಲ್ಲ. ನನ್ನನ್ನು ಬಾಗಿಲ ತನಕ ಬಿಡಲು ಬಂದಾಗ, ‘ನೀವು ನನಗೆ ಅಕ್ಷರ ಕಲಿಸಿದವರು, ಹಿಲ್ಲೇಲ ನನ್ನ ಜೊತೆ ಆಡಿದವನು’ ಎಂದ. ‘ಹೂಂ ಅನ್ನೋದು ಆ ಪ್ರೀತಿಗೋ, ಸರಿ ಅಂತಲೋ, ಒಂದೆರಡು ದಿನ ನೋಡ್ಕೋಬೇಕು.’ ನನಗೆ ಸ್ವಲ್ಪ ಸಿಟ್ಟು ಬಂತು. ದಾರಿಯಲ್ಲಿ ಅರ್ಧ ಕರಗಿತು, ಮನೆಯಲ್ಲಿ ಉಳಿದದ್ದು. ನನ್ನ ತರ್ಕವನ್ನು ನಾನು ಹಾಗೆ ಎರಡು ದಿನ ಇಟ್ಟು ನೋಡಿದ್ದರೆ ಚೌಡವ್ವನನ್ನು ಮರೆಯುತ್ತಿರಲಿಲ್ಲ.

ಗುರುವಾರ ನಾನು ಬಟ್ಟೆ ಹಿಂಡುತ್ತಿದ್ದಾಗ ರಬ್ಬಿ ಮೆಟ್ಟಿಲಿಗೆ ಬಂದ. ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡಲು ನೆರವಾಗುತ್ತ ಹೇಳಿದ: ‘ಯಾರೂ ನಡೆಯದ ಹೊತ್ತಿನಲ್ಲಿ ಅದು ದಾರಿಯಲ್ಲ. ಒಬ್ಬರು ಕಾಲಿಟ್ಟರೂ ದಾರಿ, ಆಗ ನಿಲ್ಲಿಸಬೇಕು. ಕಟ್ಟು ಹಾಗೆಯೇ ಇರಲಿ, ಮುಖ ಕಂಡರೆ ಹತ್ತು. ಇದು ನನ್ನ ತೀರ್ಪು, ತಪ್ಪಿದ್ರೆ ನನ್ನ ತಲೆ ಮೇಲೆ.’ ಸೀರೆಯ ನೀರು ಅವನ ಪಂಚೆಯ ಮೇಲೆಯೇ ಇಳಿದಿತ್ತು, ಅದು ಅವನಿಗೆ ಕಾಣಿಸಲಿಲ್ಲ. ‘ನನಗೆ ಆಚೆಯ ಮುಖ ಕಾಣಲ್ಲ. ಒಬಾದ್ಯ ನಿಲ್ಲಬೇಕು. ದೋಣಿಗೆ ಯಾರು ಬರ್ತಾರೆ ಅಂತ ಜೀವಮಾನವಿಡೀ ಆಚೆ ದಡ ನೋಡಿದವನು ಅವನು.’

ಆ ಸಬ್ಬತ್ ಬೆಳಿಗ್ಗೆ ನಮ್ಮ ಪ್ರಾರ್ಥನೆ ಬೇಗ ಮುಗಿಯಿತು. ಹೊರಗೆ ಬಂದು ನೋಡಿದರೆ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿಲ್ಲ. ಸೊಪ್ಪಿನವರು, ಮಡಕೆಯವರು, ಬೆಲ್ಲದ ಅಚ್ಚು ಹೊತ್ತವರು, ಆಡು ಮಾರಲು ಹೊರಟ ಒಬ್ಬ ಕುರುಬ, ಎಲ್ಲರೂ ಬುಟ್ಟಿ ಇಳಿಸಿ ಕೂತಿದ್ದರು. ಮದುವೆ ಮನೆಯಲ್ಲಿ ಊಟಕ್ಕೆ ಕಾಯುವವರಂತೆ ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡುತ್ತಿದ್ದರು. ಚೌಡವ್ವ ಎಲ್ಲರಿಗೂ, ‘ಶ್, ಗುರುಗಳು ಬಂದ್ರು’ ಎಂದಳು. ಆಚೆ ದಡದಲ್ಲಿ ಸಂತೆಯಿಂದ ಬೇಗ ಮರಳಿದವರೂ ಹಾಗೆಯೇ ನಿಂತಿದ್ದರು. ಅವರಿಗೆ ಯಾರು ಹೇಳಿದರೋ.

ಒಬಾದ್ಯ ಮೆಟ್ಟಿಲಿಳಿದು ಕೊನೆಯದರ ಮೇಲೆ ನಿಂತ. ಎದುರಿಗೆ ಮಂದಿರದ ಎರಡು ಹಲಗೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಮಝಾಲಳ ದೀಪ, ಅದರ ಕೆಳಗೆ ಅಬ್ರಾಮ, ಬಾಗಿಲಲ್ಲಿ ಹಿಲ್ಲೇಲ. ಇವತ್ತು ಅವನ ಎರಡು ಕಾಲಲ್ಲೂ ಚಪ್ಪಲಿ ಇತ್ತು.

‘ಮುಖ ಕಾಣುತ್ತಾ?’ ಎಂದ ರಬ್ಬಿ. ‘ಸುಮ್ಮನೆ ಕಾಣುತ್ತೆ ಅನ್ನಬೇಡಿ. ಗುರುತು ಹೇಳಿ.’

‘ಒಬಾದ್ಯನ ಮೀಸೇಲಿ ಕಾಯಿತುರಿ ಅಂಟಿದೆ’ ಎಂದ ಹಿಲ್ಲೇಲ. ‘ಪ್ರಾರ್ಥನೆ ಆದ್ಮೇಲೆ ಅವಲಕ್ಕಿ ಹಂಚಿದ್ರಲ್ಲ, ಎರಡು ಸಲ ಹಾಕಿಸ್ಕೊಂಡಿದಾನೆ.’

‘ಒಂದೇ ಸಲ’ ಎಂದ ಒಬಾದ್ಯ, ಮೀಸೆ ಒರೆಸಿಕೊಳ್ಳುತ್ತ. ‘ಹಿಲ್ಲೇಲ ರಾತ್ರಿ ನಿದ್ದೆ ಮಾಡಿಲ್ಲ ರಬ್ಬೀ. ಕಣ್ಣು ಕೆಂಪಗಿದೆ.’

‘ಕಂಡಿತು ಹಾಗಾದ್ರೆ’ ಎಂದ ರಬ್ಬಿ ಮೆತ್ತಗೆ.

ಆಚೆ ಪ್ರಾರ್ಥನೆ ಶುರುವಾಯಿತು. ಕದ್ದೀಶಿನ ಹೊತ್ತು ಬಂತು, ಹಿಲ್ಲೇಲ ತಂದೆಯ ಪಕ್ಕಕ್ಕೆ ಹೋಗಿ ಈಚೆಗೆ ಮುಖ ಮಾಡಿ ನಿಂತ. ಬಾಯಿ ತೆರೆದವನು ಮುಚ್ಚಿದ. ‘ರಬ್ಬೀ, ಆಡು’ ಎಂದ.

ಕುರುಬನ ಕೈಯಿಂದ ಹಗ್ಗ ಜಾರಿ ಒಂದು ಆಡು ಹೊಳೆಯ ಮೇಲೆ ಟಕಟಕ ನಡೆದು ಹೋಗಿತ್ತು. ಕುರುಬ ಹಿಡಿಯಲು ಎದ್ದ. ಚೌಡವ್ವ ಅವನ ಅಂಗಿಯ ಹಿಂಭಾಗ ಗಟ್ಟಿಯಾಗಿ ಹಿಡಿದು ಕೂರಿಸಿದಳು. ಎರಡೂ ದಡಗಳ ಜನ ರಬ್ಬಿಯ ಕಡೆ ನೋಡಿದರು.

‘ಆಡಾ?’ ಎಂದ ರಬ್ಬಿ, ಕಣ್ಣು ಕಿರಿದು ಮಾಡಿ. ‘ನನಗೆ ಕಾಣಲ್ಲ. ಯಾರ ಮನೆಗೆ ಹೋಗ್ತಿದೆ?’

‘ಯಾರ ಮನೆಗೂ ಇಲ್ಲ. ನಡುವೆ ನಿಂತು ಅತ್ತಿತ್ತ ನೋಡ್ತಿದೆ.’

‘ಹಾಗಾದ್ರೆ ಅದಕ್ಕೆ ಅದು ದಾರಿಯಲ್ಲ. ನೀನು ಹೇಳು.’

ಹಿಲ್ಲೇಲ ಹೇಳಿದ. ಅವನದು ದಪ್ಪ ಗಂಟಲು, ಗಾಣದ ಎತ್ತನ್ನು ಕೂಗಿ ಕೂಗಿ ಒಡೆದದ್ದು. ಆ ಹಳೆಯ ಮಾತುಗಳಲ್ಲಿ ಸಾವಿನ ಸುದ್ದಿಯೇ ಇಲ್ಲ, ಬರೀ ದೇವರ ಸ್ತುತಿ. ನಿಂತ ಹೊಳೆಯ ಮೇಲೆ ಅವು ಒಂದೊಂದೂ ತಡೆಯಿಲ್ಲದೆ ಈಚೆಗೆ ಬಂದವು. ನಿಲ್ಲಬೇಕಾದ ಕಡೆ ಅವನು ನಿಂತಾಗ ಆಚೆಯಿಂದ ಆಮೆನ್, ಈಚೆಯಿಂದ ಒಬಾದ್ಯನ ಆಮೆನ್. ಎರಡನೆಯ ಸಲಕ್ಕೆ ನನ್ನ ಹಿಂದೆ ಮಡಕೆಯವನೊಬ್ಬ, ಎಲ್ಲರೂ ಅನ್ನುತ್ತಿದ್ದಾರಲ್ಲ ಎಂದೋ ಏನೋ, ತಾನೂ ಆಮೆನ್ ಎಂದ. ಮೂರನೆಯ ಸಲಕ್ಕೆ ಮೆಟ್ಟಿಲಿಗೆ ಮೆಟ್ಟಿಲೇ ಎಂದಿತು. ರಬ್ಬಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೇಗೂ ಅವನಿಗೆ ಅದರಿಂದ ಏನೂ ಕಾಣುತ್ತಿರಲಿಲ್ಲ.

ಮುಗಿದ ಮೇಲೆ ಯಾರೂ ಏಳಲಿಲ್ಲ. ಆಚೆಯಿಂದ ಅಬ್ರಾಮನ ದನಿ ಕೇಳಿಸಿತು: ‘ಹಿಲ್ಲೇಲ ಅವಳಿಗೆ ಹೇಳಿದ್ನಾ?’

‘ಹೇಳ್ದೆ ಅಪ್ಪ’ ಎಂದ ಹಿಲ್ಲೇಲ. ‘ಈಗಷ್ಟೇ ಹೇಳ್ದೆ.’

‘ಸರಿ ಹಾಗಾದ್ರೆ. ಊಟಕ್ಕೆ ಹೋಗೋಣ.’

ಚೌಡವ್ವ ಸೆರಗಿನಿಂದ ಮೂಗೊರೆಸಿಕೊಂಡು ಬುಟ್ಟಿ ಎತ್ತಿದಳು. ‘ಸಾಮಿ, ಈಗ ಹೊರಡ್ಲಾ?’ ಎಂದು ಕೇಳಿ, ಅವನು ತಲೆಯಾಡಿಸಿದ ಮೇಲೆಯೇ ಹೊಳೆಗಿಳಿದಳು. ದಾರಿಯಲ್ಲಿ ಆಡಿನ ಹಗ್ಗ ಹಿಡಿದು ಎಳೆದುಕೊಂಡು ಹೋದಳು. ಒಬಾದ್ಯ ಅವತ್ತು ದಿನವಿಡೀ, ‘ದೋಣಿ ಮುಟ್ಟದೆ ಆಚೆ ಹೋಗಿ ಬಂದೆ’ ಎಂದು ಸಿಕ್ಕಿದವರಿಗೆಲ್ಲ ಹೇಳಿದ.

ರೂಢಿಯಂತೆ ಹನ್ನೊಂದು ತಿಂಗಳು ತುಂಬುವವರೆಗೆ ಕದ್ದೀಶ್ ನಡೆಯಿತು. ಆಮೇಲೂ ಆಚೆಯವರು ಒಂಬತ್ತೇ, ಆದ್ದರಿಂದ ಸಬ್ಬತ್ ಬೆಳಗಿನ ಏರ್ಪಾಡು ಮುಂದುವರಿಯಿತು. ಅಬ್ರಾಮ ಈಗಲೂ ಕೇಳುತ್ತಾನೆ. ಹೇಳಿದ ಎಂದರೆ ಊಟಕ್ಕೆ ಹೋಗೋಣ ಎನ್ನುತ್ತಾನೆ. ಮೆಟ್ಟಿಲ ಮೇಲೆ ಕಾಯುವವರು ಕ್ರಮೇಣ ಕಡಲೆಪುರಿ ತರತೊಡಗಿದರು, ಎರಡು ಸಂಬಂಧಗಳೂ ಅಲ್ಲಿಯೇ ಕುದುರಿದವು. ಹೊಳೆಗೆ ಯಾರಾದರೂ ಹೊಸಬರು ತಿಳಿಯದೆ ಕಾಲಿಡಹೋದರೆ ಆಚೆಯಿಂದ ಹಿಲ್ಲೇಲ ಗಾಣದ ದನಿಯಲ್ಲಿ ಗದರುತ್ತಾನೆ. ಚಪ್ಪಲಿ ಬಿಟ್ಟು ನಿಂತಿದ್ದವನು ಇವನೇನಾ ಎಂದು ಒಬಾದ್ಯ ಅವನನ್ನು ಕೆಣಕುವುದುಂಟು.

ಈ ವರ್ಷ ಬೇಸಿಗೆಯಲ್ಲಿ ದೂರದ ವಿದ್ಯಾಪೀಠದಿಂದ ಮೂವರು ಹಿರಿಯ ಪಂಡಿತರು ದೋಣಿಯಲ್ಲಿ ಬಂದರು. ಊರೂರು ನೋಡುತ್ತ ಹೊರಟವರು. ಅವರ ಮುಂದೆ ರಬ್ಬಿ ಯೋನಾ ಹಳೆಯ ಕಟ್ಟು, ನನ್ನ ವಾದ, ತನ್ನ ತೀರ್ಪು ಎಲ್ಲವನ್ನೂ ಇಟ್ಟ, ತಪ್ಪು ಕಂಡರೆ ಹೇಳಿ ಎಂದ. ಅವರು ಬಹಳ ಹೊತ್ತು ಓದಿದರು. ಅವರಲ್ಲಿ ದೊಡ್ಡವರು, ಬಿಳಿ ಹುಬ್ಬಿನವರು, ‘ತೀರ್ಪು ನಿಲ್ಲುತ್ತೆ’ ಎಂದರು. ‘ಆದ್ರೆ ಇಷ್ಟು ಕಷ್ಟ ಯಾಕೆ? ಕಟ್ಟಿನ ಕಾರಣ ಹೋಗಿದೆ. ನಾವು ಮೂವರಿದ್ದೀವಿ. ಇವತ್ತೇ ಬಿಚ್ಚಿಬಿಡ್ತೀವಿ. ನಿಮ್ಮ ಹತ್ತನೆಯವನು ಆರಾಮಾಗಿ ನಡೆದು ಹೋಗಲಿ.’

ನಾನು ಕೇಳಿದ್ದೆಲ್ಲ ಕಡೆಗೂ ಸಿಕ್ಕಿತ್ತು. ರಬ್ಬಿ ನನ್ನ ಕಡೆ ತಿರುಗಿದ. ‘ಸಿಪೋರಮ್ಮ, ನಿಮ್ಮ ತರ್ಕ ಏನನ್ನುತ್ತೆ?’

‘ಬಿಚ್ಚಿ ಅನ್ನುತ್ತೆ’ ಎಂದೆ. ‘ಆದ್ರೆ ಹೋದ ಸಲ ಅದು ಊರಿನ ಮುಕ್ಕಾಲು ಜನರನ್ನ ಮರೆತಿತ್ತು. ಹಿಲ್ಲೇಲನ್ನ ಕೇಳಿ.’

ಹಿಲ್ಲೇಲ ಕೈಯೆಲ್ಲ ಎಣ್ಣೆ ಮಾಡಿಕೊಂಡು ದೋಣಿಯಲ್ಲಿ ಬಂದ. ಪಂಡಿತರು ಅವನಿಗೆ ವಿಷಯ ತಿಳಿಸಿದರು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ.

‘ಬಿಚ್ಚಿದ್ರೆ ನನ್ನ ಹತ್ರ ಒಬ್ಬ ಬರ್ತಾನೆ’ ಎಂದ. ‘ಈಗ ಊರೇ ಬರುತ್ತೆ. ಬೇಡ ಸ್ವಾಮಿ. ನಾವು ಹಿಂಗೇ ಇರ್ತೀವಿ.’

ಬಿಳಿ ಹುಬ್ಬಿನವರು ಸಬ್ಬತ್ ಆಗುವವರೆಗೆ ಊರಿನಲ್ಲಿಯೇ ಉಳಿದರು. ಶನಿವಾರ ಬೆಳಿಗ್ಗೆ ನಮ್ಮ ಜೊತೆ ಪ್ರಾರ್ಥಿಸಿ ಮೆಟ್ಟಿಲಿಗೆ ಬಂದರು. ಬುಟ್ಟಿಗಳನ್ನು, ಮಡಕೆಗಳನ್ನು, ಕೊನೆಯ ಮೆಟ್ಟಿಲ ಮೇಲೆ ಮೀಸೆ ತಿದ್ದಿಕೊಂಡು ನಿಂತ ಒಬಾದ್ಯನನ್ನು ನೋಡಿದರು. ಕುರುಬ ಆ ಆಡನ್ನು ಕಡೆಗೂ ಮಾರಲಿಲ್ಲ; ಅದು ರೂಢಿಯಂತೆ ನಡುಹೊಳೆಗೆ ಹೋಗಿ ನಿಂತಿತ್ತು.

‘ಆ ಆಡಿಗೆ ಏನು ತೀರ್ಪು?’ ಎಂದು ಅವರು ಕೇಳಿದರು.

‘ಅದು ಯಾರ ಮನೆಗೂ ಹೋಗ್ತಿಲ್ಲ’ ಎಂದ ರಬ್ಬಿ.

ಅವರು ಆಡನ್ನು ಇನ್ನೊಮ್ಮೆ ನೋಡಿ, ‘ಸರಿ ಹಾಗಾದ್ರೆ’ ಎಂದರು. ಚೌಡವ್ವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರಿಗೆ ಕೂರಲು ಜಾಗ ಮಾಡಿಕೊಟ್ಟಳು.